ಭಂಗಾರವೂ ಬಂಗಾರವೂ

ನಮ್ಮ ಅಕ್ಕಲಕೋಟದ ಓಣಿಯಲ್ಲಿ ವಾರಕ್ಕೆರಡು ಸಲ ಕೈಗಾಡಿಯವನೊಬ್ಬ "ಭಂಗಾರ್, ಭಂಗಾರ್" ಎಂದು ಕೂಗುತ್ತ ಬರುತ್ತಾನೆ. ಮರಾಠಿಯ ಭಂಗಾರವೆಂದರೆ ಮೋಡಕಾ ಸಾಮಾನು, ತುಕ್ಕು ಹಿಡಿದ ಕಬ್ಬಿಣ-ತಗಡು. ಕನ್ನಡದ ಬಂಗಾರ ಏನೆಂದು ಹೇಳಬೇಕಾಗಿಲ್ಲ. ವಿಜಾಪುರದ ಕಡೆಯಿಂದ ಸೊಸೆಯಾಗಿ ಬಂದ ನಮ್ಮ ಅವ್ವ ಮೊದಲ ಸಲ ಆ ಕೂಗು ಕೇಳಿದಾಗ, "ಬಂಗಾರ ಮಾರಾಂವ ಇಷ್ಟು ಹರಕ ಅಂಗಿ ಯಾಕ ಹಾಕ್ಕೊಂಡಾನ?" ಎಂದು ಅತ್ತೆಯನ್ನು ಕೇಳಿದ್ದಳಂತೆ. ಗಡಿಯ ಮನೆಗಳಲ್ಲಿ ಇಂಥ ನಗೆಮಾತು ಹತ್ತಾರು ಇರುತ್ತವೆ. ಈ ಮಾತನ್ನೂ ನಾವು ಎಷ್ಟೋ ವರ್ಷ ಹೇಳಿ ಹೇಳಿ ನಕ್ಕಿದ್ದೇವೆ.

ನಾವು ಅಣ್ಣ-ತಮ್ಮ ಇಬ್ಬರು. ಅಜ್ಜ ಹಾಕಿದ ಕಿರಾಣಿ ಅಂಗಡಿ, ಹಿಂದೆ ಗೋಡೌನು, ಮೇಲೆ ಮನೆ. ದೀಪಾವಳಿ ಬಂತೆಂದರೆ ನಮ್ಮಂಥ ಮನೆಗಳಲ್ಲಿ ಎರಡು ಕೆಲಸ ತಪ್ಪುವುದಿಲ್ಲ. ಹಳೆಯ ಖತಾವಣಿ ಮುಗಿಸಿ ಹೊಸ ವಹಿಗೆ ಪೂಜೆ ಮಾಡುವುದು ಒಂದು. ಅಟ್ಟದ ಸಾಮಾನು ಇಳಿಸಿ ಧೂಳು ಹೊಡೆಯುವುದು ಇನ್ನೊಂದು. 2016ರ ದೀಪಾವಳಿಗೂ ಹಾಗೆಯೇ ಅಟ್ಟ ಇಳಿಸಿದೆವು. ಆ ವರ್ಷ ಮನೆಗೆ ಗೋಡೆಗೆ ತೂಗುಹಾಕುವ ತೆಳುವಾದ ಟಿವಿ ಬಂದಿತ್ತು. 1998ರಲ್ಲಿ ಅಪ್ಪ ಕೊಂಡು ತಂದಿದ್ದ 21 ಇಂಚಿನ ಡಬ್ಬಾ ಟಿವಿಗೆ ಜಾಗವಿರಲಿಲ್ಲ.

ಮನೆಗೆ ಹೊಸದಾಗಿ ಏನು ಬಂದರೂ ಅದರ ಹಿಂಬದಿಗೆ ಕೆಂಪು ಬಣ್ಣದಿಂದ 'ಶ್ರೀ' ಎಂದು ಬರೆದು ತಾರೀಖು ಹಾಕುವುದು ಅಪ್ಪನ ರೂಢಿ. ತಿಜೋರಿಗೆ ಬರೆದಿದ್ದ, ತಕ್ಕಡಿಗೆ ಬರೆದಿದ್ದ, ಟಿವಿಗೂ ಬರೆದಿದ್ದ. ಕೇಬಲ್ಲಿನವನ ಬೆನ್ನು ಹತ್ತಿ ಕನ್ನಡದ ಚಾನೆಲ್ಲೊಂದನ್ನು ಹಾಕಿಸಿಕೊಂಡು, ಸಂಜೆ ಅಂಗಡಿ ಮುಚ್ಚಿ ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಿ, ಆ ಟಿವಿಯ ಮುಂದೆ ಕೂಡುತ್ತಿದ್ದ. ಅಪ್ಪ ತೀರಿಕೊಂಡು ಆಗ ಮೂರು ವರ್ಷವಾಗಿತ್ತು.

ಭಂಗಾರದವನು ನೂರು ರೂಪಾಯಿ ಅಂದ. ನಾವು ಇನ್ನೂರು ಅಂದೆವು. ನಮ್ಮದು ವ್ಯಾಪಾರದ ಬಾಯಿ, ಸುಮ್ಮನಿರುತ್ತದೆಯೇ? ನೂರಾ ಅರವತ್ತಕ್ಕೆ ಮುಗಿಯಿತು. ಜೊತೆಗೆ ಅಂಗಡಿಯ ಹಳೆಯ ವೈರುಗಳ ಗಂಟೊಂದನ್ನು ಪುಕ್ಕಟೆ ಕೇಳಿದ. ಅದಕ್ಕೂ ಇಪ್ಪತ್ತು ಹಿಡಿದೆವು. ರೋಜಕೀರ್ದಿಯಲ್ಲಿ 'ಭಂಗಾರ, 180' ಎಂದು ಜಮೆ ಬರೆದು, ಆ ಮಾತು ಮರೆತೆವು.

ಪಾಡ್ಯ ಕಳೆದು ಎರಡು ದಿನಕ್ಕೆ ಎಣ್ಣೆಯ ಡಬ್ಬಿಗಳ ಸಲುವಾಗಿ ಊರ ಹೊರಗಿನ ನಾಲಾ ದಾಟಿ ಹೋಗಬೇಕಾಯಿತು. ನಾಲಾದ ದಂಡೆಯ ಮೇಲೆ ಕಪ್ಪು ಹೊಗೆ ಏಳುತ್ತಿತ್ತು. ಹನ್ನೆರಡು-ಹದಿಮೂರು ವರ್ಷದ ಹುಡುಗನೊಬ್ಬ ಹಳೆಯ ಸೈಕಲ್ ಟಯರಿಗೆ ಬೆಂಕಿ ಹಚ್ಚಿ ಅದರ ಮೇಲೆ ವೈರುಗಳನ್ನು ಸುಡುತ್ತಿದ್ದ. ಮೇಲಿನ ಪ್ಲಾಸ್ಟಿಕ್ ಸುಟ್ಟು ಹೋದರೆ ಒಳಗಿನ ತಾಮ್ರ ಸಿಗುತ್ತದೆ. ಪಕ್ಕದಲ್ಲಿ ಟಿವಿಯೊಂದು ಬಿಚ್ಚಿ ಬಿದ್ದಿತ್ತು. ಅದರ ಹಿಂದಿನ ಮುಚ್ಚಳದ ಮೇಲೆ ಕೆಂಪು ಬಣ್ಣದ 'ಶ್ರೀ', ಕೆಳಗೆ 1998ರ ತಾರೀಖು.

ಚಿತ್ರ ಮೂಡುವ ದಪ್ಪ ಗಾಜಿನ ಬುರುಡೆಯ ಕುತ್ತಿಗೆಯನ್ನು ಅವನು ಕಲ್ಲಿನಿಂದ ಕುಟ್ಟಿ ಮುರಿದಿದ್ದ. ಆ ಕುತ್ತಿಗೆಗೆ ಸುತ್ತಿದ ತಾಮ್ರದ ಸುರುಳಿ ಬೇಕಾಗಿತ್ತಷ್ಟೆ. ಗಾಜೆಲ್ಲ ಚೂರಾಗಿ ನಾಲಾದ ನೀರಿನ ತನಕ ಹರಡಿತ್ತು. ಕೆಳಗೆ ಎರಡು ಎಮ್ಮೆ ನೀರಿಗಿಳಿದಿದ್ದವು. "ಈ ಗಾಜಿಗೆ ಏನು ಸಿಗ್ತದಪ್ಪಾ?" ಎಂದು ಕೇಳಿದೆವು. "ಕಾಂಚಿಗೆ ಯಾರೂ ಭಾವ ಕೊಡೂದಿಲ್ರಿ ಕಾಕಾ. ಇಲ್ಲೇ ಚೆಲ್ತೇವ್ರಿ" ಎಂದ. ಗಾಜಿನ ಒಳಮೈಯ ಪುಡಿ ಅವನ ಬೆರಳಿಗೆಲ್ಲ ಹತ್ತಿತ್ತು. ಹಬ್ಬದ ಶಂಕರಪಾಳಿ ಯಾರೋ ಕಾಗದದಲ್ಲಿ ಕಟ್ಟಿ ಕೊಟ್ಟಿದ್ದರು. ಅದೇ ಬೆರಳಿನಿಂದ ಒಂದೊಂದೇ ತೆಗೆದು ಬಾಯಿಗೆ ಹಾಕಿಕೊಂಡು, ಕೆಮ್ಮಿ, ಮತ್ತೆ ವೈರು ತಿರುವಿ ಹಾಕುತ್ತಿದ್ದ.

ನಾವು ಏನೂ ಹೇಳಲಿಲ್ಲ. ಅಪ್ಪನ ಅಕ್ಷರವಿದ್ದ ಮುಚ್ಚಳವನ್ನು ಕೇಳಿ ತೆಗೆದುಕೊಂಡೆವು. ಅವನು ಹತ್ತು ರೂಪಾಯಿ ಕೇಳಿದ, ಐವತ್ತು ಕೊಟ್ಟೆವು. ಐವತ್ತು ಕೊಟ್ಟೆವೆಂಬುದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ಅವನ ಮುಂದೆ ನಿಲ್ಲಲಾಗದೆ ಕೊಟ್ಟು ಬಂದೆವು.

ಆ ಗಾಜಿನಲ್ಲಿ ಏನಿತ್ತೆಂದು ತಿಳಿದದ್ದು ಆಮೇಲೆ. ಡಬ್ಬಾ ಟಿವಿಯ ಚಿತ್ರನಳಿಕೆಯಿಂದ ಎಕ್ಸ್-ಕಿರಣ ಹೊರಬೀಳದಿರಲೆಂದು ಗಾಜಿನಲ್ಲಿ ಸೀಸ ಬೆರೆಸಿರುತ್ತಾರೆ. ಹಿಂಬದಿಯ ಲಾಳಿಕೆಯಂಥ ಗಾಜಿನಲ್ಲಿ ಐದನೆಯ ಒಂದು ಪಾಲಿನಷ್ಟು ಸೀಸದ ಆಕ್ಸೈಡೇ ಇರುತ್ತದೆ. ಒಂದು ದೊಡ್ಡ ಟಿವಿಯಲ್ಲಿ ಲೆಕ್ಕ ಹಾಕಿದರೆ ಕಿಲೋ ಮೇಲ್ಪಟ್ಟು ಸೀಸ. ಗಾಜು ಇಡಿಯಾಗಿ ಮನೆಯಲ್ಲಿದ್ದಾಗ ಅದರಿಂದ ತೊಂದರೆಯಿಲ್ಲ. ಒಡೆದು ಪುಡಿಯಾಗಿ ಕೈಗೆ, ಬಾಯಿಗೆ, ನೀರಿಗೆ ಸೇರಿತೆಂದರೆ ವಿಷ. ಮಕ್ಕಳ ಮಿದುಳಿನ ಬೆಳವಣಿಗೆಗೇ ಅದು ಪೆಟ್ಟು ಕೊಡುತ್ತದೆ. ಇಷ್ಟರ ತನಕ ಹೋದರೆ ಅಡ್ಡಿಯಿಲ್ಲ ಎನ್ನುವ ಅಳತೆಯೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೈರಿನ ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರ್ ತರುವಂಥದ್ದು. ಇನ್ನು ಹಸಿರು ಬಣ್ಣದ ಸರ್ಕ್ಯೂಟ್ ಬೋರ್ಡುಗಳು ಇಂಥ ಊರುಗಳಲ್ಲಿ ನಿಲ್ಲುವುದಿಲ್ಲ. ಕೈಯಿಂದ ಕೈಗೆ ದಾಟಿ ದಿಲ್ಲಿಯ ಸೀಲಂಪುರ, ಉತ್ತರ ಪ್ರದೇಶದ ಮುರಾದಾಬಾದ್ ತನಕ ಹೋಗುತ್ತವೆ. ಮುರಾದಾಬಾದ್ ಎಂದರೆ ನಮಗೆ ಹಿತ್ತಾಳೆ ಪಾತ್ರೆಗಳ ಊರು. ಅಲ್ಲಿ ಈ ಬೋರ್ಡುಗಳನ್ನು ಸುಟ್ಟು, ಆಸಿಡ್ಡಿನಲ್ಲಿ ಅದ್ದಿ ಲೋಹ ತೆಗೆದು, ಬೂದಿಯನ್ನು ರಾಮಗಂಗಾ ನದಿಯ ದಂಡೆಗೆ ಸುರಿದದ್ದು ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ.

ವ್ಯಾಪಾರಸ್ಥರಾಗಿ ನಮಗೆ ಚುಚ್ಚಿದ ಮಾತೊಂದಿದೆ. ಒಂದು ಚೀಲ ತೊಗರಿ ಕೊಟ್ಟರೂ ಯಾರಿಗೆ ಕೊಟ್ಟೆವು, ಅವರು ಎಲ್ಲಿಗೆ ಒಯ್ದರು, ರೊಕ್ಕ ಎಂದು ಬರುತ್ತದೆ ಎಂದು ನಾಲ್ಕು ಸಲ ಕೇಳುವ ಮಂದಿ ನಾವು. ಅಂಗಡಿಯಲ್ಲಿ ಇಲಿ ಪಾಷಾಣ ಇಡಬಾರದೆಂದು ಅಜ್ಜ ಹಾಕಿದ ಕಟ್ಟಳೆಯನ್ನು ಇವತ್ತಿಗೂ ಮೀರಿಲ್ಲ. ಗಿರಾಕಿ ಬೇರೆ ಅಂಗಡಿಗೆ ಹೋದರೆ ಹೋಗಲಿ ಎಂದು ಬಿಟ್ಟಿದ್ದೇವೆ. ಅಂಥ ಮನೆಯವರು ಅಟ್ಟದ ಮೇಲಿಂದ ಇಳಿಸಿ ಕೊಟ್ಟದ್ದು ಏನು, ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಲಿಲ್ಲ. ಭಾವ ಮಾತ್ರ ಕೇಳಿದೆವು.

ಅಂದಿನಿಂದ ಏಳು ವರ್ಷ ನಮ್ಮ ಮನೆಯಿಂದ ಒಂದು ರಿಮೋಟೂ ಹೊರಗೆ ಹೋಗಲಿಲ್ಲ. ಇದನ್ನು ಯಾರೂ ಹೊಗಳಬೇಕಾಗಿಲ್ಲ, ಏಕೆಂದರೆ ಹೋಗುವ ದಾರಿಯೇ ಗೊತ್ತಿರಲಿಲ್ಲ. ನಗರ ಪರಿಷತ್ತಿನ ಘಂಟಾಗಾಡಿಗೆ ಹಾಕಿದರೆ ಒಣಕಸದ ಜೊತೆ ಗುಡ್ಡೆಗೆ ಬೀಳುತ್ತದೆ. ಟಿವಿ ಮಾಡಿದ ಕಂಪನಿಯೊಂದರ ಪುಕ್ಕಟೆ ನಂಬರಿಗೆ ಫೋನು ಮಾಡಿದರೆ, ಅತ್ತಲಿನ ಹುಡುಗಿ ಬಹಳ ಸೌಜನ್ಯದಿಂದ ಪಿನ್‌ಕೋಡು ಕೇಳಿ, ನಿಮ್ಮ ಊರಿಗೆ ಆ ಸೇವೆ ಇಲ್ಲ ಎಂದಳು. ಹೀಗಾಗಿ ಎಲ್ಲವೂ ಅಟ್ಟ ಸೇರಿತು. ಜಿಎಸ್‌ಟಿ ಬಂದ 2017ರಲ್ಲಿ ಬದಲಾಯಿಸಿದ ಹಳೆಯ ಕಂಪ್ಯೂಟರು, ಕರಕರ ಎಂದು ಬಿಲ್ಲು ಹೊಡೆಯುತ್ತಿದ್ದ ಪ್ರಿಂಟರು, ಅಕ್ಷರ ಅಳಿಸಿದ ಎಲೆಕ್ಟ್ರಾನಿಕ್ ತಕ್ಕಡಿ, ನೋಟು ಎಣಿಸುವ ಯಂತ್ರ, ಎರಡು ಮಿಕ್ಸರು, ಬಿಸ್ಕೀಟು ಡಬ್ಬಿಯ ತುಂಬ ಮೊಬೈಲು. ಅಪರಿಗ್ರಹದ ಪ್ರವಚನ ಕೇಳಿ ಬಂದು ನಾವು ಮಲಗುತ್ತಿದ್ದದ್ದು ಇಷ್ಟು ಪರಿಗ್ರಹದ ಕೆಳಗೆ. ಒಂದು ಬೇಸಿಗೆಯಲ್ಲಿ ಡಬ್ಬಿಯ ಮುಚ್ಚಳ ತಾನಾಗಿ ಮೇಲೆದ್ದಿತ್ತು. ನೋಡಿದರೆ ಒಳಗಿನ ಮೊಬೈಲಿನ ಬ್ಯಾಟರಿಯೊಂದು ಪೂರಿಯಂತೆ ಉಬ್ಬಿತ್ತು. ಆ ಲಿಥಿಯಂ ಬ್ಯಾಟರಿ ಚುಚ್ಚಿದರೆ, ಜಜ್ಜಿದರೆ ಬೆಂಕಿ ಹತ್ತುತ್ತದೆ. ಪಕ್ಕದಲ್ಲಿಯೇ ಹಾಸಿಗೆಗಳ ಗಂಟು ಇತ್ತು. ಇಟ್ಟುಕೊಂಡು ಕೂಡುವುದೂ ದಾರಿಯಾಗಲಿಲ್ಲ.

ದಾರಿ ತೋರಿಸಿದವಳು ಪುಣೆಯಲ್ಲಿ ಓದುತ್ತಿದ್ದ ಮಗಳು. 2023ರ ಚಾತುರ್ಮಾಸಕ್ಕೆ ಊರಿಗೆ ಬಂದಾಗ ಅವ್ವನ ಮುಂದೆ ಕುಳಿತು ಓದಿ ಹೇಳಿದಳು. ಇ-ತ್ಯಾಜ್ಯಕ್ಕೆಂದು ನಮ್ಮ ದೇಶದಲ್ಲಿ ಮೊದಲ ನಿಯಮಗಳು 2011ರಲ್ಲಿ ಆಗಿ 2012ರ ಮೇ 1ರಿಂದ ನಡೆದವು. 2016ರಲ್ಲಿ ಬದಲಾದವು. 2022ರಲ್ಲಿ ಮತ್ತೆ ಹೊಸದಾಗಿ ಬರೆದು 2023ರ ಏಪ್ರಿಲ್ 1ರಿಂದ ಜಾರಿಗೆ ತಂದರು. ಮೊಬೈಲು, ಟಿವಿಯಿಂದ ಹಿಡಿದು ಮಿಕ್ಸರು, ಮಕ್ಕಳ ಆಟಿಕೆಯ ತನಕ 106 ಬಗೆಯ ಸಾಮಾನು ಅದರೊಳಗೆ ಬರುತ್ತವೆ. ಮುಖ್ಯ ಮಾತು ಒಂದೇ: ಸಾಮಾನು ಮಾಡಿದವನ ಹೊಣೆ ಮಾರಿದಲ್ಲಿಗೆ ಮುಗಿಯುವುದಿಲ್ಲ, ಅದು ಕೆಟ್ಟ ಮೇಲೆ ನೋಂದಾಯಿತ ಕಾರ್ಖಾನೆಗೆ ಸೇರಿ ಸರಿಯಾಗಿ ಬಿಚ್ಚಿ ಮರುಬಳಕೆಯಾಗುವ ತನಕ ಅವನ ಲೆಕ್ಕದಲ್ಲಿಯೇ ಇರುತ್ತದೆ.

ಅವ್ವ ಕೇಳಿ, "ಇದು ನಿಮ್ಮ ಆಯಿ ನೀರು ಸೋಸಿದ್ಹಂಗ ಆತಲ್ಲ" ಎಂದಳು. ನಮ್ಮ ಓದುಗರಲ್ಲಿ ಹಿರಿಯರಿಗೆ ನೆನಪಿರಬಹುದು. ಆಯಿ ಬಾವಿಯ ನೀರನ್ನು ಎರಡು ಮಡಿಕೆಯ ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯ ಮೇಲೆ ಉಳಿದ ಸೂಕ್ಷ್ಮ ಜೀವಿಗಳನ್ನು ಅಂಗಳಕ್ಕೆ ಝಾಡಿಸುತ್ತಿರಲಿಲ್ಲ. ಸೋಸಿದ ನೀರಿನಿಂದ ಬಟ್ಟೆಯನ್ನು ಮೆಲ್ಲಗೆ ತೊಳೆದು, ಆ ನೀರನ್ನು ಕೊಡದಲ್ಲಿ ಹಿಡಿದು, ಹಗ್ಗ ಕಟ್ಟಿ ಬಾವಿಯ ನೀರು ಮುಟ್ಟುವ ತನಕ ಇಳಿಸಿ ಬಿಡುತ್ತಿದ್ದಳು. ಮೇಲಿನಿಂದ ಸುರಿದರೂ ಅವಳಿಗೆ ಸಮಾಧಾನವಿರಲಿಲ್ಲ. ಯಾವ ಬಾವಿಯದೋ ಅದೇ ಬಾವಿಗೆ. ಸಣ್ಣವರಿದ್ದಾಗ ನಾವು, ಒಂದು ಬಟ್ಟೆ ತೊಳೆದ ನೀರಿಗೆ ಇಷ್ಟು ಹೊತ್ತೇಕೆ ಎಂದು ಸಾಲೆಗೆ ತಡವಾಗುತ್ತದೆಂದು ಕುಣಿಯುತ್ತಿದ್ದೆವು.

ಮಗಳು ಅವತ್ತೇ ಇನ್ನೊಂದು ಮಾತು ಹೇಳಿ ಅವ್ವನ ಹಳೆಯ ನಗೆಮಾತಿಗೆ ಜೀವ ಕೊಟ್ಟಳು. ಈ ಭಂಗಾರದಲ್ಲಿ ಬಂಗಾರ ನಿಜಕ್ಕೂ ಇದೆ. ಬೋರ್ಡಿನ ಜೋಡಣೆಗಳಿಗೆ ತುಕ್ಕು ಹಿಡಿಯಬಾರದೆಂದು ಚಿನ್ನದ ಲೇಪ ಕೊಡುತ್ತಾರೆ. ಗಣಿಯಲ್ಲಿ ಒಂದು ಟನ್ ಕಲ್ಲಿಗೆ ನಾಲ್ಕಾರು ಗ್ರಾಂ ಚಿನ್ನ ಸಿಕ್ಕರೆ ಒಳ್ಳೆಯ ಗಣಿ. ಒಂದು ಟನ್ ಹಳೆಯ ಮೊಬೈಲಿನಲ್ಲಿ ಇನ್ನೂರು ಗ್ರಾಂ ಮೀರಿ ಇರುತ್ತದೆ. ಜಪಾನಿನವರು 2017ರ ಏಪ್ರಿಲ್‌ನಿಂದ 2019ರ ಮಾರ್ಚ್ ತನಕ ಊರೂರಿನಿಂದ ಸುಮಾರು 62 ಲಕ್ಷ ಹಳೆಯ ಮೊಬೈಲುಗಳನ್ನೂ, ಸುಮಾರು 79 ಸಾವಿರ ಟನ್ ಸಣ್ಣ ಯಂತ್ರಗಳನ್ನೂ ಕೂಡಿಹಾಕಿ, ಅದರಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ತೆಗೆದರು. ಟೋಕಿಯೋ ಒಲಿಂಪಿಕ್ಸಿನ ಪದಕಗಳೆಲ್ಲ ಅದರಿಂದಲೇ ಆದವು. ನೀರಜ್ ಚೋಪ್ರಾ 2021ರಲ್ಲಿ ಕೊರಳಿಗೆ ಹಾಕಿಕೊಂಡ ಚಿನ್ನದ ಪದಕವೂ ಅದೇ ರಾಶಿಯದು. ಅವ್ವ ಬಿಸ್ಕೀಟು ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ ನಕ್ಕಳು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಕಾರ್ಖಾನೆಗಳ ಪಟ್ಟಿ ಇದೆ. ಅದನ್ನು ನೋಡಿ ಪುಣೆಯ ಕಡೆಯ ಒಂದಕ್ಕೆ ಮಗಳು ಫೋನು ಮಾಡಿದಳು. ಒಂದು ಮನೆಯ ಸಾಮಾನಿಗೆ ಅಷ್ಟು ದೂರ ಗಾಡಿ ಕಳಿಸಲಾಗದು, ಸೊಲ್ಲಾಪುರದಲ್ಲಿ ಒಂದೇ ಕಡೆ ಅರ್ಧ ಟನ್ ಸೇರಿಸಿಟ್ಟರೆ ಬರುತ್ತೇವೆ ಎಂದರು. ಇದು ನಮಗೆ ಅರ್ಥವಾಗುವ ಮಾತು. ಲೋಡು ತುಂಬದಿದ್ದರೆ ಗಾಡಿ ಗಿಟ್ಟುವುದಿಲ್ಲ. ಸೊಲ್ಲಾಪುರದಲ್ಲಿರುವ ಸೋದರಮಾವ ಗೋಡೌನಿನ ಒಂದು ಮೂಲೆ ಬಿಟ್ಟುಕೊಟ್ಟರು. ರವಿವಾರ ಬಸದಿಯಲ್ಲಿ ಅಭಿಷೇಕ ಮುಗಿದ ಮೇಲೆ ನಾಲ್ಕು ಮಾತು ಹೇಳಿದೆವು. ಜತ್ತಕ್ಕೆ ಕೊಟ್ಟ ಅಕ್ಕನ ಮನೆಗೂ ಸುದ್ದಿ ಮುಟ್ಟಿಸಿದೆವು.

ಮೊದಲ ವಾರ ಯಾರೂ ಬರಲಿಲ್ಲ. "ಭಂಗಾರದವ ಮನೀ ಬಾಗಿಲಿಗೆ ಬಂದು ರೊಕ್ಕ ಕೊಡ್ತಾನ, ನಿಮಗ ಯಾಕ ಪುಕ್ಕಟೆ?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಕೇಳಿದ್ದು ತಪ್ಪಲ್ಲ, 2016ರಲ್ಲಿ ನಾವೂ ಅದನ್ನೇ ಕೇಳುತ್ತಿದ್ದೆವು. ನಾಲಾದ ಹುಡುಗನ ಮಾತು ಹೇಳಿದೆವು. ಅವರು ಸುಮ್ಮನೆ ಹೋದರು, ಮರುದಿನ ರಿಕ್ಷಾದಲ್ಲಿ ಎರಡು ಟಿವಿ ಹಾಕಿಕೊಂಡು ಬಂದರು. ಆಮೇಲೆ ಬಂದದ್ದನ್ನು ಇಡಲು ಮೂಲೆ ಸಾಲಲಿಲ್ಲ. ವಿಸಿಆರು, ಟೇಪ್ ರೆಕಾರ್ಡರು, ಇಸ್ತ್ರಿ, ಯುಪಿಎಸ್ಸು, ಎಮರ್ಜೆನ್ಸಿ ದೀಪ, ಕಾರ್ಡು ಉಜ್ಜುವ ಯಂತ್ರ, ಚಾರ್ಜರುಗಳ ಗೋಜಲು. ವಯಸ್ಸಾದ ಕಾಕಾ ಒಬ್ಬರು ತೀರಿಹೋದ ಹೆಂಡತಿಯ ಮಿಕ್ಸರನ್ನು ತಂದು ಕೆಳಗಿಟ್ಟು, ಸ್ವಲ್ಪ ಹೊತ್ತು ಕುಳಿತಿದ್ದು, ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಹೋದರು. ನಾವೂ ಕೇಳಲಿಲ್ಲ. ಎರಡು ರೇಡಿಯೋಗಳನ್ನು ಮಾವನ ಮಗ ತಿರುವಿ ನೋಡಿದರೆ ಹಾಡಿದವು. ಅವುಗಳನ್ನು ಬೇಕಾದವರಿಗೆ ಕೊಟ್ಟೆವು. ನಡೆಯುವ ಸಾಮಾನು ನಡೆಯಲಿ. ರಿಪೇರಿಯಾಗುವುದನ್ನು ಕಾರ್ಖಾನೆಗೆ ಕಳಿಸುವುದೂ ಒಂದು ತರಹದ ದುಂದು.

ಈ ಕೆಲಸದಲ್ಲಿ ಕಲಿತದ್ದನ್ನು, ಇಂಥದೇ ಮಾಡಬೇಕೆನ್ನುವ ಮನೆಗಳಿಗಾಗಿ ಹೇಳುತ್ತೇವೆ. ಮೊಬೈಲು ಕೊಡುವ ಮುಂಚೆ ಸಿಮ್ಮು, ಮೆಮೊರಿ ಕಾರ್ಡು ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಬೇಕು. ನಮ್ಮ ಬ್ಯಾಂಕಿನ ಲೆಕ್ಕವೆಲ್ಲ ಅದರೊಳಗೆ ಕುಳಿತಿರುತ್ತದೆ. ಅಂಗಡಿಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಅದೇ ಮಾತು. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು; ಒಣ ಮರಳಿನ ಡಬ್ಬಿಯಲ್ಲಿ ಬೇರೆಯಾಗಿಡಬೇಕು, ಬಿಡಿ ಬ್ಯಾಟರಿಗಳ ತುದಿಗೆ ಟೇಪು ಸುತ್ತಬೇಕು. ಟ್ಯೂಬ್‌ಲೈಟು, ಸಿಎಫ್‌ಎಲ್ ದೀಪಗಳಲ್ಲಿ ಕೆಲವೇ ಮಿಲಿಗ್ರಾಂ ಆದರೂ ಪಾದರಸವಿರುತ್ತದೆ. ಒಡೆಯದಂತೆ ಅವು ಬಂದ ರಟ್ಟಿನ ಡಬ್ಬಿಯಲ್ಲಿಯೇ ಇಡಬೇಕು. ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಬೇಕು, ಕಸಬರಿಗೆ ಆಡಿಸಬಾರದು. ಇನ್ವರ್ಟರಿನ ದೊಡ್ಡ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಯವನಿಗೇ ತಿರುಗಿ ಕೊಟ್ಟು ಬೆಲೆಯಲ್ಲಿ ಕಳೆಸಬೇಕು. ಹಳೆಯದನ್ನು ತೆಗೆದುಕೊಳ್ಳುವ ನಿಯಮ 2001ರಿಂದಲೇ ಇದೆ. ಅಡ್ಡ ಗೀಟು ಹೊಡೆದ, ಗಾಲಿಯಿರುವ ಕಸದ ಡಬ್ಬಿಯ ಚಿತ್ರ ಯಾವ ಸಾಮಾನಿನ ಮೇಲಿದ್ದರೂ ಅದು ಘಂಟಾಗಾಡಿಯದಲ್ಲವೆಂದು ತಿಳಿಯಬೇಕು. ಮತ್ತು ಯಾರಿಗೆ ಕೊಟ್ಟರೂ ಪಾವತಿ ಇಲ್ಲದೆ ಕೊಡಬಾರದು, ಇದನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

2024ರ ಜನವರಿಯಲ್ಲಿ ಗಾಡಿ ಬಂತು. ಮಾವನ ಅಂಗಡಿಯ ಕಾಟಾದ ಮೇಲೆ ತೂಗಿದೆವು: 612 ಕಿಲೋ. ಅಪ್ಪನ 'ಶ್ರೀ' ಇದ್ದ ಮುಚ್ಚಳವನ್ನು ಅವ್ವ ತಾನಾಗಿಯೇ ಒರೆಸಿ ಗಾಡಿಗೆ ಹಾಕಿದಳು. ಮುಂದೆ ಪುಣೆಗೆ ಹೋದಾಗ ಆ ಕಾರ್ಖಾನೆಯನ್ನೂ ನೋಡಿ ಬಂದೆವು. ಚಿತ್ರನಳಿಕೆಯನ್ನು ಗಾಳಿ ಎಳೆಯುವ ಗೂಡಿನಲ್ಲಿಟ್ಟು, ಮುಂದಿನ ಗಾಜಿಗೂ ಹಿಂದಿನ ಸೀಸದ ಗಾಜಿಗೂ ನಡುವಿನ ಬೆಸುಗೆಗೆ ಕಾದ ತಂತಿ ಸುತ್ತುತ್ತಾರೆ. ಟಿಕ್ ಎಂದು ಎರಡೂ ಬೇರೆಯಾಗುತ್ತವೆ. ಒಳಗಿನ ಪುಡಿಯನ್ನು ಯಂತ್ರವೇ ಹೀರಿಕೊಳ್ಳುತ್ತದೆ. ಕೆಲಸದವರಿಗೆ ಮುಖಕ್ಕೆ ಮುಸುಕು, ಕೈಗೆ ಚೀಲ. ಆ ಗೂಡಿನ ಮುಂದೆ ನಾವು ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತೆವು.

ರೊಕ್ಕದ ಮಾತು. ಕಂಪ್ಯೂಟರು, ಮೊಬೈಲುಗಳಿಗೆ ಅವರು ಭಾವ ಕಟ್ಟಿದರು. ಡಬ್ಬಾ ಟಿವಿಗಳಿಗೆ ಏನೂ ಕೊಡಲಿಲ್ಲ, ಅದರ ಗಾಜಿನ ವಿಲೇವಾರಿಗೆ ಖರ್ಚೇ ಹೆಚ್ಚು ಎಂದರು. ಎಲ್ಲ ಸೇರಿ 7,400 ರೂಪಾಯಿ ಬಂತು, ಮನೆಮನೆಗೆ ಹಂಚಿದೆವು. ಭಂಗಾರಕ್ಕೆ ಹಾಕಿದ್ದರೆ ಅದರ ಇಮ್ಮಡಿ ಆಗುತ್ತಿತ್ತು. ನಮ್ಮ ಪಾಲಿಗೆ ಬಿದ್ದ ಕಡಿಮೆಯನ್ನೂ, ಅಕ್ಕಲಕೋಟದಿಂದ ಒಯ್ದ ಟೆಂಪೋ ಬಾಡಿಗೆಯನ್ನೂ ಯಾವ ಖಾತೆಗೆ ಬರೆಯಬೇಕೆಂದು ನಮ್ಮಿಬ್ಬರಲ್ಲಿ ವಾದವಾಯಿತು. ಅಣ್ಣನ ಮಾತು, ಧರ್ಮಾದಾಯಕ್ಕೆ ಹಾಕೋಣ. ತಮ್ಮನ ಮಾತು, ಅಂಗಡಿ ಖರ್ಚಿಗೆ ಹಾಕೋಣ. ಅವ್ವ ಅಡುಗೆಮನೆಯಿಂದಲೇ ಅಂದಳು: "ನಾವು ಉಂಡ ತಾಟು ನಾವು ತೊಳದರ ದಾನ ಅಂತಾರೇನ? ಮನೀ ಖರ್ಚಿಗೆ ಬರೀರಿ." ಹಾಗೆಯೇ ಬರೆದಿದೆ.

ಕೈಗಾಡಿಯವನು ಈಗಲೂ ಬರುತ್ತಾನೆ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಅವನಿಲ್ಲದಿದ್ದರೆ ಊರಿನ ಅರ್ಧ ಕಬ್ಬಿಣ ಮಣ್ಣಿಗೆ ಹೋಗುತ್ತಿತ್ತು. ಕಬ್ಬಿಣ, ಕಾಗದ, ರದ್ದಿ ಅವನಿಗೇ ಕೊಡುತ್ತೇವೆ. ಒಂದು ದಿನ ಚಹಾ ಕೊಟ್ಟು ಕೂಡಿಸಿ, ನಾಲಾದ ಹುಡುಗನನ್ನು ವಿಚಾರಿಸಿದೆವು. "ಅವರ ಮಂದಿ ಕಬ್ಬಿನ ಕಟಾವಿಗೆ ಹೋದವರು ಹೊಳ್ಳಿ ಬರಲೇ ಇಲ್ರಿ" ಎಂದ. ಯಾವ ಕಡೆ ಹೋದರೆಂದು ಅವನಿಗೂ ಗೊತ್ತಿರಲಿಲ್ಲ. ಟಿವಿಯ ಮಾತು ತೆಗೆದೆವು: ಯಾರ ಮನೆಯದಿದ್ದರೂ ಒಡೆಯದೆ, ಬಿಚ್ಚದೆ ನಮ್ಮ ಗೋಡೌನಿಗೆ ತಂದು ಹಾಕು, ಅದರ ತಾಮ್ರಕ್ಕೆ ನಿನಗೆ ಏನು ಹುಟ್ಟುತ್ತಿತ್ತೋ ಅಷ್ಟನ್ನು ನಾವು ಕೊಡುತ್ತೇವೆ. "ಕಾಂಚಿಗೂ ರೊಕ್ಕ ಕೊಡ್ತೀರೇನ್ರಿ ಸಾಹುಕಾರ್ರ?" ಎಂದು ನಂಬದೆ ಕೇಳಿದ. ಮೂರು ವಾರಕ್ಕೆ ಗಾಡಿಯ ಮೇಲೆ ಗೋಣಿಚೀಲ ಹಾಸಿ ಒಂದು ಟಿವಿ ತಂದ. ಇನ್ನೂರು ಅಂದೆವು, ಇನ್ನೂರೈವತ್ತು ಅಂದ. ಕೊಟ್ಟು ಕೈಹಚ್ಚಿ ಇಳಿಸಿಕೊಂಡೆವು.